ಟಂಕಸಾಲೆ ಎಡವಿದಾಗ

ಸೀರೆಯ ಒಡಲಿನಲ್ಲಿ ಒಂದು ಎಳೆ ತಪ್ಪಿ ನೇಯ್ದಿದ್ದರೆ ಅಂಗಡಿಯವನು ಅದನ್ನು 'ಸೆಕೆಂಡ್ಸ್' ಎಂದು ಬೇರೆ ಇಟ್ಟು ಕಡಿಮೆ ಬೆಲೆಗೆ ಮಾರುತ್ತಾನೆ. ಬಾಯಿ ಸೊಟ್ಟಗಿರುವ ತಂಬಿಗೆಯನ್ನು ಯಾರೂ ಕೊಳ್ಳುವುದಿಲ್ಲ. ಪುಟಗಳು ಹಿಂದುಮುಂದಾದ ಪುಸ್ತಕವನ್ನು ವಾಪಸು ಕೊಟ್ಟು ಬೇರೆ ಪ್ರತಿ ಕೇಳುತ್ತೇವೆ. ಮನುಷ್ಯ ತಯಾರಿಸುವ ವಸ್ತುಗಳಲ್ಲಿ ಸರಿಯಾದದ್ದಕ್ಕಿಂತ ತಪ್ಪಾದದ್ದಕ್ಕೇ ಹೆಚ್ಚು ಬೆಲೆ ಸಿಗುವುದು ತೀರ ವಿರಳ. ಅಂಚೆಚೀಟಿ ಅಂಥ ಒಂದು ವಸ್ತು, ನಾಣ್ಯ ಇನ್ನೊಂದು.

ಆದರೆ ಎಲ್ಲ ತಪ್ಪಿಗೂ ಈ ಭಾಗ್ಯವಿಲ್ಲ. ಒಂದೇ ವರ್ಷ, ಒಂದೇ ಟಂಕಸಾಲೆಯಲ್ಲಿ ತಯಾರಾದ, ನೋಡಲು ಹೆಚ್ಚುಕಡಿಮೆ ಒಂದೇ ತೆರನಾದ ದೋಷವಿರುವ ಎರಡು ನಾಣ್ಯಗಳಲ್ಲಿ ಒಂದಕ್ಕೆ ಸಾವಿರ ಡಾಲರ್ ಬಂದರೆ ಇನ್ನೊಂದಕ್ಕೆ ಬಸ್ ಚಾರ್ಜೂ ಹುಟ್ಟದಿರಬಹುದು. ಹೀಗೇಕೆ ಎಂಬುದು ಸಂಗ್ರಾಹಕರಿಗಷ್ಟೇ ಸಂಬಂಧಿಸಿದ ಪ್ರಶ್ನೆಯಲ್ಲ. 'ನಿಮ್ಮ ಮನೆಯಲ್ಲಿರುವ ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಹಣ' ಎಂಬ ಜಾಹೀರಾತುಗಳನ್ನು ನಂಬಿ ಹುಂಡಿ ಒಡೆದವರೂ, ಕೈಯಲ್ಲಿದ್ದ ಹಣ ಕಳೆದುಕೊಂಡವರೂ ನಮ್ಮ ನಡುವೆಯೇ ಇದ್ದಾರೆ.

ಮೊದಲು ಆ ಎರಡು ನಾಣ್ಯಗಳ ಕಥೆ. 1955ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಒಂದು ರಾತ್ರಿ ಪಾಳಿ. ಲಿಂಕನ್ನನ ಮುಖವಿರುವ ಒಂದು ಸೆಂಟಿನ ತಾಮ್ರವರ್ಣದ ನಾಣ್ಯಗಳು ಹಲವು ಯಂತ್ರಗಳಿಂದ ಸುರಿಯುತ್ತಿದ್ದವು. ಒಂದು ಯಂತ್ರದ ನಾಣ್ಯಗಳಲ್ಲಿ ಮಾತ್ರ ಇಸವಿಯ ಅಂಕಿಗಳೂ ಸುತ್ತಲಿನ ಅಕ್ಷರಗಳೂ ಜೋಡಿಜೋಡಿಯಾಗಿದ್ದವು. ಕನ್ನಡಕ ಮರೆತು ಬಂದವನಿಗೆ ಪತ್ರಿಕೆಯ ತಲೆಬರಹ ಕಾಣುತ್ತದಲ್ಲ, ಹಾಗೆ. ತಪಾಸಣೆ ಮಾಡುವವರ ಕಣ್ಣಿಗೆ ಇದು ಬೀಳುವ ಹೊತ್ತಿಗೆ ಸುಮಾರು 40,000 ನಾಣ್ಯಗಳು ತಯಾರಾಗಿಬಿಟ್ಟಿದ್ದವು. ಅವುಗಳಲ್ಲಿ 20ರಿಂದ 24 ಸಾವಿರದಷ್ಟು ಬೇರೆ ಯಂತ್ರಗಳ ಸರಿಯಾದ ನಾಣ್ಯಗಳ ರಾಶಿಯಲ್ಲಿ ಬೆರೆತುಹೋಗಿದ್ದವು. ಕಲ್ಲು ಬೆರೆತ ಅಕ್ಕಿಯನ್ನು ಕೇರಿ ಆರಿಸಬಹುದು. ಲಕ್ಷಾಂತರ ಸೆಂಟುಗಳ ರಾಶಿಯನ್ನು ಒಂದೊಂದಾಗಿ ನೋಡಿ ಆರಿಸುವುದು ಹೇಗೆ? ಇಡೀ ರಾಶಿಯನ್ನು ಕರಗಿಸಿದರೆ ಆಗುವ ನಷ್ಟಕ್ಕಿಂತ ಹೊರಗೆ ಬಿಡುವುದೇ ಮೇಲು ಎಂದು ಅಧಿಕಾರಿಗಳು ತೀರ್ಮಾನಿಸಿದರು. ಒಂದು ಸೆಂಟಿನ ನಾಣ್ಯವನ್ನು ಯಾರು ಭೂತಗನ್ನಡಿ ಹಿಡಿದು ನೋಡುತ್ತಾರೆ ಎಂದುಕೊಂಡಿರಬೇಕು.

ನೋಡಿದರು. ಆ ಕಾಲದಲ್ಲಿ ಅಮೆರಿಕದಲ್ಲಿ ಸಿಗರೇಟನ್ನು ನಾಣ್ಯ ಹಾಕಿ ಪಡೆಯುವ ಯಂತ್ರಗಳಿದ್ದವು. ಯಂತ್ರಕ್ಕೆ ಹಾಕಬೇಕಾದದ್ದು 25 ಸೆಂಟಿನ ನಾಣ್ಯ. ಪ್ಯಾಕಿನ ಬೆಲೆ 23 ಸೆಂಟ್. ಚಿಲ್ಲರೆ ಕೊಡುವುದು ಯಂತ್ರಕ್ಕೆ ಗೊತ್ತಿಲ್ಲದ್ದರಿಂದ ಎರಡು ಹೊಸ ಸೆಂಟುಗಳನ್ನು ಪ್ಯಾಕಿನ ಹೊರಹೊದಿಕೆಯ ಒಳಗೇ ಸೇರಿಸಿಟ್ಟಿರುತ್ತಿದ್ದರು. ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗ ಮತ್ತು ಮ್ಯಾಸಚೂಸೆಟ್ಸ್ ಪ್ರಾಂತಗಳಲ್ಲಿ ಸಿಗರೇಟು ಸೇದುವವರ ಕೈಗೆ ಹೀಗೆ ಹೊಚ್ಚಹೊಸ 'ಜೋಡಿ ಅಕ್ಷರದ' ನಾಣ್ಯಗಳು ಬಂದವು. ಇಂದು ಅದೇ ನಾಣ್ಯ, ಬಳಸಿ ಸವೆದಿದ್ದರೂ, ಸಾವಿರ ಡಾಲರಿನ ಆಸುಪಾಸಿನಲ್ಲಿ ಮಾರಾಟವಾಗುತ್ತದೆ. ಬಣ್ಣ ಮಾಸದ ಉತ್ತಮ ಪ್ರತಿಗೆ ಅದರ ಹಲವು ಪಟ್ಟು.

ಈಗ ಎರಡನೆಯ ನಾಣ್ಯ. ಅದೂ 1955ರದೇ. ಅದರಲ್ಲೂ ಇಸವಿಯ ಕೊನೆಯ 5 ಸ್ವಲ್ಪ ಜೋಡಿಯಾದಂತೆ ಕಾಣುತ್ತದೆ. ಇದನ್ನು ಅಲ್ಲಿನ ಸಂಗ್ರಾಹಕರು 'ಬಡವರ ಜೋಡಿಯಚ್ಚು' ಎಂದು ಗೇಲಿ ಮಾಡುತ್ತಾರೆ. ಅನನುಭವಿಗಳಿಗೆ ಇದನ್ನು ತಲೆಗೆ ಕಟ್ಟುವವರೂ ಇದ್ದಾರೆ. ಇದರ ನಿಜವಾದ ಬೆಲೆ ಅತ್ಯಲ್ಪ. ಕಾರಣ ತಿಳಿಯಬೇಕಾದರೆ ಟಂಕಸಾಲೆಯ ಒಳಗೆ ಹೋಗಬೇಕು.

ಮೂರು ಕಡೆ ಎಡವಬಹುದು

ನಾಣ್ಯ ತಯಾರಿಕೆಯನ್ನು ಚಕ್ಕುಲಿ, ಕರಜಿಕಾಯಿ ಮಾಡುವವರಿಗೆ ವಿವರಿಸುವುದು ಸುಲಭ. ಲೋಹದ ಉದ್ದನೆಯ ಪಟ್ಟಿಯಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸಿ ತೆಗೆಯುತ್ತಾರೆ. ಬಿಲ್ಲೆಯ ಅಂಚನ್ನು ಒತ್ತಿ ಸ್ವಲ್ಪ ಎಬ್ಬಿಸುತ್ತಾರೆ. ಆಮೇಲೆ ಕೆಳಗೊಂದು ಮೇಲೊಂದು ಉಕ್ಕಿನ ಅಚ್ಚುಗಳ ನಡುವೆ, ಸುತ್ತಲೂ ಬಳೆಯಂಥ ಒಂದು ಕಟ್ಟಿನೊಳಗೆ ಅದನ್ನು ಕೂರಿಸಿ ಭಾರಿ ಒತ್ತಡದಿಂದ ಅದುಮುತ್ತಾರೆ. ಒಂದೇ ಏಟಿಗೆ ಎರಡೂ ಬದಿಯ ಚಿತ್ರ ಮೂಡುತ್ತದೆ. ಇಂದಿನ ಯಂತ್ರಗಳು ನಿಮಿಷಕ್ಕೆ ನೂರಾರು ನಾಣ್ಯಗಳನ್ನು ಹೀಗೆ ಉದುರಿಸುತ್ತವೆ.

ಆದ್ದರಿಂದ ತಪ್ಪಾಗಲು ಜಾಗ ಮೂರೇ: ಬಿಲ್ಲೆ, ಅಚ್ಚು, ಏಟು.

ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ ಕತ್ತರಿ ಈಗಾಗಲೇ ತೂತಾದ ಜಾಗದ ಮೇಲೆ ಬಿದ್ದು, ಇಲಿ ಕಚ್ಚಿದ ರೊಟ್ಟಿಯಂತೆ ಒಂದು ಬದಿ ಕಮಾನಾಗಿ ಕತ್ತರಿಸಿಹೋದ ಬಿಲ್ಲೆ ಬರುತ್ತದೆ. ಬಿಲ್ಲೆ ಕಟ್ಟಿನೊಳಗೆ ಸರಿಯಾಗಿ ಕೂರದಿದ್ದರೆ ಚಿತ್ರ ಒಂದು ಕಡೆ ಜಾರಿ ಅರ್ಧ ಚಂದ್ರನಂತೆ ಬಿಳಿ ಲೋಹ ಖಾಲಿ ಉಳಿಯುತ್ತದೆ. ಏಟು ಬಿದ್ದ ನಾಣ್ಯ ಹೊರಗೆ ಬರದೆ ಒಂದು ಅಚ್ಚಿಗೇ ಅಂಟಿಕೊಂಡರೆ ಮುಂದಿನ ಬಿಲ್ಲೆಗೆ ಆ ನಾಣ್ಯವೇ ಅಚ್ಚಾಗುತ್ತದೆ. ಒಂದು ಬದಿಯಲ್ಲಿ ಉಬ್ಬಿದ ಸಿಂಹ, ಇನ್ನೊಂದು ಬದಿಯಲ್ಲಿ ಕನ್ನಡಿಯಲ್ಲಿ ಕಂಡಂತೆ ತಗ್ಗಾದ ಅದೇ ಸಿಂಹ. ನಮ್ಮ ನಾಣ್ಯ ವ್ಯಾಪಾರಿಗಳು ಇದಕ್ಕೆ 'ಲಖಿ' ಎನ್ನುತ್ತಾರೆ.

ಬಿಲ್ಲೆಯ ತಪ್ಪು, ಏಟಿನ ತಪ್ಪು ಒಂದೊಂದು ನಾಣ್ಯಕ್ಕೆ ಒಂದೊಂದು ಬಗೆ. ಚಿತ್ರ ಇಷ್ಟೇ ಜಾರಿದ, ಇದೇ ಕೋನಕ್ಕೆ ತಿರುಗಿದ ಇನ್ನೊಂದು ನಾಣ್ಯ ಸಿಗಲಾರದು. ಆದರೆ 'ಜಗತ್ತಿನಲ್ಲಿ ಇದೊಂದೇ' ಎನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ. ಜಾರಿದ ನಾಣ್ಯಗಳು ಒಟ್ಟಾರೆಯಾಗಿ ಸಾಕಷ್ಟಿವೆ. ತುಸುವೇ ಜಾರಿದ್ದಕ್ಕೆ ಏನೂ ಇಲ್ಲ. ಅರ್ಧದಷ್ಟು ಜಾರಿದ್ದರೂ ಇಸವಿ ಓದಲು ಬರುವಂತಿದ್ದರೆ ಒಳ್ಳೆಯ ಬೆಲೆ. ಇಸವಿಯೇ ಹೊರಗೆ ಹೋಗಿದ್ದರೆ ಬೆಲೆ ಮತ್ತೆ ಇಳಿಯುತ್ತದೆ. ತಪ್ಪು ದೊಡ್ಡದಾಗಿರಬೇಕು, ಆದರೆ ತನ್ನ ಊರು ಹೆಸರು ಹೇಳಿಕೊಳ್ಳುವಷ್ಟು ನಾಣ್ಯ ಉಳಿದಿರಬೇಕು.

ಅಚ್ಚಿನ ತಪ್ಪು ಹಾಗಲ್ಲ. ಅಚ್ಚು ತಪ್ಪಿದರೆ ಅದರಿಂದ ಹುಟ್ಟಿದ ಪ್ರತಿಯೊಂದು ನಾಣ್ಯವೂ ಅದೇ ತಪ್ಪನ್ನು ಹೊತ್ತಿರುತ್ತದೆ. ಅದಕ್ಕೆ ಒಂದು ಹೆಸರು ಸಿಗುತ್ತದೆ, ಸಂಗ್ರಾಹಕರ ಕೈಪಿಡಿಗಳಲ್ಲಿ ಒಂದು ಸಾಲು ಸಿಗುತ್ತದೆ, ಆಲ್ಬಮ್ಮಿನಲ್ಲಿ ಒಂದು ಖಾಲಿ ಗುಂಡಿ ಸಿಗುತ್ತದೆ. ಆ ಗುಂಡಿಯನ್ನು ತುಂಬಿಸಬೇಕೆಂಬ ಹಟವೇ ಬೆಲೆಯ ತಾಯಿ. 1955ರ ಜೋಡಿಯಚ್ಚಿನಲ್ಲಿ ಆದದ್ದು ಇದೇ. ನಾಣ್ಯದ ಅಚ್ಚನ್ನು ಇನ್ನೊಂದು ತಾಯಚ್ಚಿನಿಂದ ಒತ್ತಿ ತಯಾರಿಸುತ್ತಾರೆ. ಒಂದು ಒತ್ತಿಗೆ ಚಿತ್ರ ಪೂರ್ತಿ ಮೂಡುತ್ತಿರಲಿಲ್ಲ. ಒತ್ತಿದಾಗ ಉಕ್ಕು ಗಡುಸಾಗುತ್ತದೆ, ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಒತ್ತಬೇಕಿತ್ತು. ಎರಡನೆಯ ಸಲ ತಾಯಚ್ಚು ಕೂದಲೆಳೆಯಷ್ಟು ತಿರುಗಿ ಕುಳಿತರೆ ಅಚ್ಚಿನಲ್ಲೇ ಅಕ್ಷರಗಳು ಎರಡೆರಡಾಗುತ್ತವೆ. ಎರಡೂ ಅಕ್ಷರಗಳು ಪೂರ್ಣ, ದುಂಡನೆ, ಸ್ಪಷ್ಟ.

'ಬಡವರ ಜೋಡಿಯಚ್ಚು' ಹುಟ್ಟಿದ್ದು ಬೇರೆ ದಾರಿಯಲ್ಲಿ. ಲಕ್ಷಾಂತರ ಏಟು ತಿಂದು ಸವೆದ ಅಚ್ಚಿನಲ್ಲಿ ಅಂಕಿಗಳ ಅಂಚು ಕುಸಿದು ಲೋಹ ಹರಡಿಕೊಂಡಂತೆ ಕಾಣುತ್ತದೆ. ಅದು ಎರಡನೆಯ ಅಂಕಿಯಲ್ಲ, ಮೊದಲನೆಯದರ ಊತ. ಅಚ್ಚು ಸವೆಯುವುದು ಟಂಕಸಾಲೆಯಲ್ಲಿ ದಿನನಿತ್ಯದ ಸಂಗತಿ. ಅದಕ್ಕೆ ಯಾರು ಹಣ ಕೊಡುತ್ತಾರೆ? ಹೀಗಾಗಿ ಬೆಲೆ ನಿಂತಿರುವುದು ಕಣ್ಣಿಗೆ ಕಾಣುವ ವಿಕಾರದ ಮೇಲಲ್ಲ, ಆ ವಿಕಾರ ಯಾವ ಹಂತದಲ್ಲಿ ಹೇಗೆ ಆಯಿತು ಎಂಬುದರ ಮೇಲೆ.

ಮೂರು ಕಾಲಿನ ಕಾಡೆಮ್ಮೆಯೂ ಇದಕ್ಕೆ ಸಾಕ್ಷಿ. 1937ರಲ್ಲಿ ಡೆನ್ವರ್ ಟಂಕಸಾಲೆಯಲ್ಲಿ ಐದು ಸೆಂಟಿನ ನಾಣ್ಯದ ಅಚ್ಚೊಂದಕ್ಕೆ ಗೀರು ಬಿದ್ದಿತ್ತು. ಅದನ್ನು ಉಜ್ಜಿ ತೆಗೆಯಲು ಹೋದವರು ಗೀರಿನ ಜೊತೆಗೆ ಬೈಸನ್ ಎಂಬ ಆ ಕಾಡೆಮ್ಮೆಯ ಮುಂಗಾಲನ್ನೂ ಉಜ್ಜಿಬಿಟ್ಟರು. ಗೊರಸು ಉಳಿದಿದೆ, ಕಾಲಿಲ್ಲ. ಇದಕ್ಕೆ ಬೇಡಿಕೆ ಹೆಚ್ಚಿದ್ದೇ ತಡ, ಸಾಧಾರಣ ನಾಣ್ಯದ ನಾಲ್ಕು ಕಾಲಿನಲ್ಲಿ ಒಂದನ್ನು ಅರದಿಂದ ಕೆರೆದು ತೆಗೆಯುವ ಕಸುಬೂ ಶುರುವಾಯಿತು. ಆದರೆ ಅಸಲಿಯಲ್ಲಿ ಕಾಲು ಮಾತ್ರ ಹೋಗಿಲ್ಲ; ಹಿಂಗಾಲು ನುಸಿ ತಿಂದಂತಿದೆ, ಹೊಟ್ಟೆಯ ಕೆಳಗೆ ಸಣ್ಣ ಚುಕ್ಕೆಗಳ ಸಾಲು ಉಬ್ಬಿದೆ. ಅಚ್ಚನ್ನು ಉಜ್ಜಿದಾಗ ಆಗುವ ಗುರುತುಗಳೇ ಬೇರೆ, ನಾಣ್ಯವನ್ನು ಕೆರೆದಾಗ ಆಗುವ ಗುರುತುಗಳೇ ಬೇರೆ. ಕಳ್ಳನಿಗೆ ಕಾಲು ಕದಿಯಲು ಬಂತು, ಚುಕ್ಕೆ ಇಡಲು ಬರಲಿಲ್ಲ.

ಸುತ್ತಿಗೆಯ ಕಾಲದಲ್ಲಿ

ತಪ್ಪಿಗೆ ಬೆಲೆ ಬರುವುದು ಯಂತ್ರಯುಗದ ಮಾತು ಎಂಬುದನ್ನು ಇಲ್ಲಿ ಹೇಳಲೇಬೇಕು. ಅದಕ್ಕೆ ನಮ್ಮ ನೆಲದ ನಾಣ್ಯಗಳಿಗಿಂತ ಒಳ್ಳೆಯ ಉದಾಹರಣೆ ಬೇಡ. ವಿಜಯನಗರದ ತಾಮ್ರದ ಕಾಸುಗಳನ್ನಾಗಲಿ ಟಿಪ್ಪುವಿನ ಕಾಲದ ನಾಣ್ಯಗಳನ್ನಾಗಲಿ ಕೈಯಿಂದ, ಸುತ್ತಿಗೆಯ ಏಟಿನಿಂದ ಟಂಕಿಸುತ್ತಿದ್ದರು. ಅನೇಕ ವೇಳೆ ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಆದ್ದರಿಂದ ಬರಹದ ಒಂದು ಭಾಗ ನಾಣ್ಯದ ಮೇಲೆ ಬೀಳುತ್ತಿರಲೇ ಇಲ್ಲ. ಚಿತ್ರ ಒಂದು ಬದಿಗೆ ಜಾರಿರುವುದು, ಏಟು ಎರಡು ಸಲ ಬಿದ್ದಿರುವುದು ಇವೆಲ್ಲ ಅಲ್ಲಿ ಸಾಮಾನ್ಯ. ಅಂಥ ನಾಣ್ಯವನ್ನು 'ದೋಷದ ನಾಣ್ಯ' ಎಂದು ಯಾರೂ ಹೆಚ್ಚು ಹಣ ಕೊಟ್ಟು ಕೊಳ್ಳುವುದಿಲ್ಲ. ಬದಲಾಗಿ ಚಿತ್ರ ನಡುವೆ ಕುಳಿತು, ಟಂಕಸಾಲೆಯ ಹೆಸರು, ಇಸವಿ ಎಲ್ಲವೂ ಪೂರ್ತಿ ಓದಲು ಬರುವ ನಾಣ್ಯಕ್ಕೇ ಅಲ್ಲಿ ಹೆಚ್ಚು ಬೆಲೆ. ಎಲ್ಲವೂ ಸೊಟ್ಟಗಿರುವಲ್ಲಿ ನೆಟ್ಟಗಿರುವುದು ಅಪರೂಪ. ಎಲ್ಲವೂ ನೆಟ್ಟಗಿರುವಲ್ಲಿ ಸೊಟ್ಟಗಿರುವುದು ಅಪರೂಪ. ಕೊಳ್ಳುವವನು ಹಣ ಕೊಡುವುದು ಅಪರೂಪಕ್ಕೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೌಲ್ಟನ್ ಹಬೆಯ ಯಂತ್ರದಿಂದ ನಾಣ್ಯ ಒತ್ತಲು ತೊಡಗಿ, ಆ ಬಗೆಯ ಯಂತ್ರಗಳು ಮುಂದೆ ಮುಂಬಯಿ ಕಲ್ಕತ್ತಗಳಿಗೂ ಬಂದ ಮೇಲೆ ತಾನೆ ಒಂದು ರೂಪಾಯಿ ಇನ್ನೊಂದು ರೂಪಾಯಿಯ ಪಡಿಯಚ್ಚಾದದ್ದು? ಪಡಿಯಚ್ಚು ಇಲ್ಲದಿದ್ದರೆ ತಪ್ಪಚ್ಚೂ ಇಲ್ಲ.

ಟಿಪ್ಪುವಿನ ಮಾತು ಬಂದದ್ದರಿಂದ ಒಂದು ಸಂಗತಿ. ಅವನ ಕೆಲವು ನಾಣ್ಯಗಳ ಮೇಲೆ ಇಸವಿ 5121 ಎಂದಿರುವಂತೆ ಕಾಣುತ್ತದೆ. ಅಚ್ಚು ಕೊರೆದವನು ಕುಡಿದಿದ್ದನೇ ಎಂದು ಮೊದಲು ನೋಡಿದವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಅದು ತಪ್ಪಲ್ಲ. 1787ರ ಸುಮಾರಿಗೆ ಟಿಪ್ಪು ಹಿಜರಿ ಶಕೆಯನ್ನು ಬಿಟ್ಟು ಮೌಲೂದಿ ಎಂಬ ಹೊಸ ಶಕೆಯನ್ನು ಜಾರಿಗೆ ತಂದ; ಜೊತೆಗೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಬೇಕೆಂದೂ ಕಟ್ಟಳೆ ಮಾಡಿದ. 5121 ಎಂದರೆ 1215. ಬೇರೆಯಾಗಿರುವುದೆಲ್ಲ ತಪ್ಪಲ್ಲ ಎಂಬ ಪಾಠವನ್ನು ಶ್ರೀರಂಗಪಟ್ಟಣದ ಟಂಕಸಾಲೆಯೇ ಕಲಿಸುತ್ತದೆ.

ಎಷ್ಟಿವೆ ಎಂಬುದೇ ಲೆಕ್ಕ

ಒಂದು ನಾಣ್ಯದ ಮುಂಬದಿಯ ಅಚ್ಚಿಗೆ ಇನ್ನೊಂದು ನಾಣ್ಯದ ಹಿಂಬದಿಯ ಅಚ್ಚು ಜೋಡಿಯಾದರೆ ಹುಟ್ಟುವ ಸಂತಾನವನ್ನು 'ಮ್ಯೂಲ್', ಅಂದರೆ ಹೇಸರಗತ್ತೆ ಎನ್ನುತ್ತಾರೆ. ಈ ಹೇಸರಗತ್ತೆಗಳಲ್ಲಿ ಎರಡನ್ನು ಪಕ್ಕಪಕ್ಕ ನಿಲ್ಲಿಸಿದರೆ ಬೆಲೆಯ ಗುಟ್ಟು ತಿಳಿಯುತ್ತದೆ.

2008ರಲ್ಲಿ ಬ್ರಿಟನ್ನಿನ ಚಿಲ್ಲರೆ ನಾಣ್ಯಗಳಿಗೆ ಹೊಸ ವಿನ್ಯಾಸ ಬಂತು. 20 ಪೆನ್ಸಿನ ನಾಣ್ಯದಲ್ಲಿ ಮೊದಲು ಹಿಂಬದಿಯಲ್ಲಿದ್ದ ಇಸವಿಯನ್ನು ರಾಣಿಯ ಮುಖವಿರುವ ಬದಿಗೆ ವರ್ಗಾಯಿಸಿದರು. ಯಾರೋ ರಾಣಿಯ ಹಳೆಯ ಅಚ್ಚನ್ನೇ ಹೊಸ ಹಿಂಬದಿಯೊಂದಿಗೆ ಕೂಡಿಸಿದರು. ಎರಡು ಬದಿಯಲ್ಲೂ ಇಸವಿಯಿಲ್ಲದ ನಾಣ್ಯ ಹೊರಬಂತು! 2009ರಲ್ಲಿ ಇದು ಬೆಳಕಿಗೆ ಬಂದಾಗ ಪತ್ರಿಕೆಗಳಲ್ಲಿ ದೊಡ್ಡ ಗಲಾಟೆ. ಆದರೆ ಅಂಥವು ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ಇರಬಹುದೆಂಬ ಅಂದಾಜು ಪ್ರಕಟವಾಯಿತು. ಗಲಾಟೆ ಇಳಿದ ಮೇಲೆ ಬೆಲೆ ಕೆಲವು ಹತ್ತು ಪೌಂಡುಗಳಲ್ಲಿ ನಿಂತಿತು. ಇಪ್ಪತ್ತು ಪೆನ್ಸಿಗೆ ಅದೂ ಕಡಿಮೆಯೇನಲ್ಲ, ಆದರೆ ಯಾರ ಮನೆಯ ಸಾಲವೂ ಅದರಿಂದ ತೀರದು.

ಇದಕ್ಕೆ ಎಂಟು ವರ್ಷ ಮೊದಲು, 2000ದಲ್ಲಿ, ಅಮೆರಿಕದಲ್ಲಿ ಕಾಲು ಡಾಲರಿನ ವಾಷಿಂಗ್ಟನ್ ಮುಖವೂ ಒಂದು ಡಾಲರಿನ ಹದ್ದೂ ಕೂಡಿಕೊಂಡ ಬಂಗಾರ ಬಣ್ಣದ ನಾಣ್ಯ ಸಿಕ್ಕಿತ್ತು. ಇಂಥವು ಇದುವರೆಗೆ ಸಿಕ್ಕಿರುವುದು ಇಪ್ಪತ್ತರ ಆಸುಪಾಸು. 2018ರಲ್ಲಿ ಅವುಗಳಲ್ಲೊಂದು 1,92,000 ಡಾಲರಿಗೆ ಹರಾಜಾಯಿತು. ತಪ್ಪಿನ ಜಾತಿ ಒಂದೇ, ಸಂಖ್ಯೆ ಬೇರೆ.

ಸಂಖ್ಯೆ ಗೊತ್ತಾಗುವ ಮೊದಲು ಕೊಳ್ಳುವವನ ಪಾಡು ಕಷ್ಟ. 2007ರಲ್ಲಿ ಅಮೆರಿಕ ಹೊಸ ಡಾಲರ್ ನಾಣ್ಯಗಳ ಮಾಲೆಯನ್ನು ಶುರು ಮಾಡಿ, ಇಸವಿಯನ್ನೂ ದೇವರನ್ನು ನಂಬುತ್ತೇವೆ ಎಂಬ ಧ್ಯೇಯವಾಕ್ಯವನ್ನೂ ನಾಣ್ಯದ ಅಂಚಿನ ಮೇಲೆ ಒತ್ತಿಸಿತು. ಅಂಚಿನ ಬರಹಕ್ಕೆ ಬೇರೆ ಯಂತ್ರ. ಕೆಲವು ನಾಣ್ಯಗಳು ಆ ಯಂತ್ರಕ್ಕೆ ಹೋಗದೆಯೇ ಹೊರಬಿದ್ದವು. 'ದೇವರಿಲ್ಲದ ಡಾಲರ್' ಎಂದು ಜನ ಹೆಸರಿಟ್ಟರು. ಮೊದಲ ದಿನಗಳಲ್ಲಿ ಒಂದೊಂದಕ್ಕೆ ನೂರಾರು ಡಾಲರ್ ಕೊಟ್ಟು ಕೊಂಡವರಿದ್ದಾರೆ. ವಾರಗಳು ಕಳೆದಂತೆ ಅವು ಹತ್ತಾರು ಸಾವಿರ ಇವೆಯೆಂದು ತಿಳಿದು ಬೆಲೆ ಐವತ್ತರ ಆಸುಪಾಸಿಗೆ ಕುಸಿಯಿತು. ಈ ಕಥೆಗೆ ಇನ್ನೊಂದು ಬಾಲವೂ ಇದೆ. ಫಿಲಡೆಲ್ಫಿಯಾ ಟಂಕಸಾಲೆಯ ಕಾವಲು ಪೊಲೀಸನೊಬ್ಬ ಅಂಚಿನ ಬರಹವಿಲ್ಲದ ಡಾಲರುಗಳನ್ನು ಒಳಗಿನಿಂದ ಕದ್ದು ಸುಮಾರು 24 ಲಕ್ಷ ಡಾಲರಿಗೆ ಮಾರಿದ್ದನೆಂದು 2011ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ದೋಷಕ್ಕೆ ಬೆಲೆ ಬಂದಾಗ ದೋಷವನ್ನು ಕಾಯಬೇಕಾದವನೇ ಅದರ ವ್ಯಾಪಾರಿಯಾದ.

ಬೆಲೆಗೆ ಇನ್ನೊಂದು ಆಸರೆ ಕಥೆ. ಸಂಗ್ರಾಹಕರು ಒಪ್ಪಲಿ ಬಿಡಲಿ, ಒಳ್ಳೆಯ ಕಥೆಯಿರುವ ತಪ್ಪಿಗೆ ಸಲ್ಲುವ ಗೌರವ ಕಥೆಯಿಲ್ಲದ್ದಕ್ಕೆ ಸಲ್ಲುವುದಿಲ್ಲ. 1943ರ ತಾಮ್ರದ ಸೆಂಟ್ ನೋಡಿ. ಎರಡನೆಯ ಮಹಾಯುದ್ಧದಲ್ಲಿ ತಾಮ್ರ ಮದ್ದುಗುಂಡಿಗೆ ಬೇಕಾಗಿತ್ತು. ಆ ಒಂದು ವರ್ಷ ಅಮೆರಿಕ ಸತುವು ಲೇಪಿಸಿದ ಉಕ್ಕಿನಿಂದ ನೂರು ಕೋಟಿಗೂ ಹೆಚ್ಚು ಸೆಂಟುಗಳನ್ನು ಮಾಡಿತು. ಹಿಂದಿನ ವರ್ಷದ ಕೆಲವು ತಾಮ್ರಮಿಶ್ರಿತ ಬಿಲ್ಲೆಗಳು ತೊಟ್ಟಿಗಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದು, ಹೊಸ ಬಿಲ್ಲೆಗಳ ಜೊತೆ ಉದುರಿ ಏಟು ತಿಂದವು. ಇದುವರೆಗೆ ಸಿಕ್ಕಿರುವುದು ಮೂರೂ ಟಂಕಸಾಲೆಗಳಿಂದ ಸೇರಿ ಇಪ್ಪತ್ತರ ಸುಮಾರು. ಇದನ್ನು ತಂದುಕೊಟ್ಟವರಿಗೆ ಫೋರ್ಡ್ ಕಂಪನಿ ಹೊಸ ಕಾರು ಕೊಡುತ್ತದೆಂಬ ಸುಳ್ಳು ಸುದ್ದಿ ದೇಶವೆಲ್ಲ ಹರಡಿತ್ತು. 1947ರಲ್ಲಿ ಮ್ಯಾಸಚೂಸೆಟ್ಸಿನ ಹದಿಹರೆಯದ ಹುಡುಗನೊಬ್ಬನಿಗೆ ಶಾಲೆಯ ಊಟದ ಮನೆಯಲ್ಲಿ ಚಿಲ್ಲರೆಯಾಗಿ ಅಂಥ ಒಂದು ನಾಣ್ಯ ಸಿಕ್ಕಿತು. ಅವನು ವಿಚಾರಿಸಿದಾಗ ಫೋರ್ಡ್ ಇಲ್ಲವೆಂದಿತು. ಖಜಾನೆ ಇಲಾಖೆ, ಆ ವರ್ಷದ ಸೆಂಟುಗಳೆಲ್ಲ ಉಕ್ಕಿನವೇ ಎಂದು ಸಾಧಿಸಿತು. ಸರಕಾರ ಇಲ್ಲವೆಂದ ನಾಣ್ಯವನ್ನು ಅವನು ಎಪ್ಪತ್ತು ವರ್ಷ ಜೋಪಾನ ಮಾಡಿದ. 2019ರಲ್ಲಿ ಅದು 2,04,000 ಡಾಲರಿಗೆ ಹರಾಜಾಯಿತು. ಇದಕ್ಕೆ ಮೊದಲು, 2010ರಲ್ಲಿ, ಡೆನ್ವರಿನ ಏಕೈಕ ಪ್ರತಿ 17 ಲಕ್ಷ ಡಾಲರಿಗೆ ಕೈ ಬದಲಾಯಿಸಿತ್ತು.

ಉಕ್ಕಿನ ಸೆಂಟಿಗೆ ತಾಮ್ರದ ನೀರು ಕೊಟ್ಟು ಮಾರುವವರಿಗೆ ಬರವಿಲ್ಲ. ಅಯಸ್ಕಾಂತ ಹಿಡಿದರೆ ಗುಟ್ಟು ಬಯಲು. ಇನ್ನೂ ಜಾಣರು 1948ರ ತಾಮ್ರದ ಸೆಂಟನ್ನು ತೆಗೆದುಕೊಂಡು 8ರ ಎಡಭಾಗವನ್ನು ಕೆರೆದು 3 ಮಾಡುತ್ತಾರೆ. ಅದು ಅಯಸ್ಕಾಂತಕ್ಕೆ ಅಂಟುವುದಿಲ್ಲ, ಭೂತಗನ್ನಡಿಗೆ ಸಿಕ್ಕಿಬೀಳುತ್ತದೆ.

ಆನೆಯೋ ಹಂದಿಯೋ

ಟಂಕಸಾಲೆ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಯೂ ನಾಣ್ಯ ತಪ್ಪಾಗಬಹುದು. ಚಿತ್ರ ಬರೆದವನೇ ಎಡವಿದ್ದರೆ ಯಂತ್ರವೇನು ಮಾಡೀತು? 1911ರ ಐದನೆಯ ಜಾರ್ಜನ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಪದಕಮಾಲೆಯಲ್ಲಿ ಒಂದು ಪುಟ್ಟ ಆನೆಯಿತ್ತು. ಸೊಂಡಿಲು ಮೋಟಾಗಿ, ಕಾಲು ಗಿಡ್ಡವಾಗಿ ಜನರಿಗೆ ಅದು ಹಂದಿಯಾಗಿ ಕಂಡಿತು. ಹಂದಿಯನ್ನು ನಿಷಿದ್ಧವೆಂದು ಭಾವಿಸುವ ಮುಸ್ಲಿಮರು ಇದಕ್ಕೆ ಆಕ್ಷೇಪವೆತ್ತಿದರು. ಸರಕಾರ ನಾಣ್ಯವನ್ನು ತಡೆಹಿಡಿದು, ಹೊರಬೀಳದೆ ಉಳಿದಿದ್ದ ಬಹುಪಾಲನ್ನು ಕರಗಿಸಿ, 1912ರ ರೂಪಾಯಿಯಲ್ಲಿ ಸೊಂಡಿಲು ಸ್ಪಷ್ಟವಾಗಿರುವ ಆನೆಯನ್ನು ತಂದಿತು. ಈ 'ಹಂದಿ ರೂಪಾಯಿ'ಗೆ ಪಕ್ಕದ ವರ್ಷದ ರೂಪಾಯಿಗಿಂತ ಹಲವು ಪಟ್ಟು ಬೆಲೆಯುಂಟು. ಹಾಗೆಂದು ಲಕ್ಷಾಧೀಶರಾಗುವ ಮಾತಲ್ಲ; ಹಿಂತೆಗೆದುಕೊಳ್ಳುವ ಮೊದಲೇ ಲಕ್ಷಗಟ್ಟಲೆ ರೂಪಾಯಿಗಳು ಜನರ ಕೈ ಸೇರಿದ್ದವು.

ಚಿಲಿ ದೇಶದ್ದು ಇನ್ನೂ ತಮಾಷೆ. 2008ರ 50 ಪೆಸೋ ನಾಣ್ಯದಲ್ಲಿ ದೇಶದ ಹೆಸರಿನ 'ಎಲ್' ಅಕ್ಷರದ ಬದಲು ಇನ್ನೊಂದು 'ಐ' ಬಿದ್ದಿತ್ತು. ತನ್ನ ಹೆಸರನ್ನೇ ತಪ್ಪು ಬರೆದುಕೊಂಡ ದೇಶ! ಅದು ಗಮನಕ್ಕೆ ಬರಲು ವರ್ಷ ಹಿಡಿಯಿತು, ಟಂಕಸಾಲೆಯ ಮುಖ್ಯಸ್ಥರು 2010ರಲ್ಲಿ ಹುದ್ದೆ ಕಳೆದುಕೊಂಡರು. ನಾಣ್ಯವಂತೂ ಸುಲಭವಾಗಿ ಸಿಗುತ್ತದೆ.

ನಮ್ಮ ಜೇಬಿನ ನಾಣ್ಯ

ಇನ್ನು ನಮ್ಮ ಜೇಬಿಗೆ ಬರೋಣ. ಭಾರತದಲ್ಲಿ ನಾಣ್ಯ ಟಂಕಿಸುವುದು ಮುಂಬಯಿ, ಕೋಲ್ಕತ, ಹೈದರಾಬಾದ್ ಮತ್ತು ನೊಯಿಡಾಗಳಲ್ಲಿ. ಇಸವಿಯ ಕೆಳಗೆ ವಜ್ರಾಕಾರದ ಗುರುತಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೊಯಿಡಾ. ಕೋಲ್ಕತಕ್ಕೆ ಗುರುತೇ ಇಲ್ಲ. ಇದು ಗೊತ್ತಿಲ್ಲದೆ 'ಗುರುತು ಬಿಟ್ಟುಹೋದ ಅಪರೂಪದ ನಾಣ್ಯ' ಎಂದು ಕೋಲ್ಕತದ ಸಾದಾ ನಾಣ್ಯವನ್ನು ಪೆಟ್ಟಿಗೆಯಲ್ಲಿಟ್ಟು ಕಾಯುವವರು ಬಹಳ. ಕೊರತೆಯ ವರ್ಷಗಳಲ್ಲಿ ವಿದೇಶಗಳಲ್ಲೂ ನಮ್ಮ ನಾಣ್ಯ ಟಂಕಿಸಿದ್ದುಂಟು. 1985ರ ಒಂದು ರೂಪಾಯಿಯಲ್ಲಿ ಇಸವಿಯ ಕೆಳಗೆ 'ಎಚ್' ಎಂದಿದ್ದರೆ ಅದು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದು, ತಪ್ಪಲ್ಲ.

ಹತ್ತು ರೂಪಾಯಿ ನಾಣ್ಯದ ಪಾಡಂತೂ ಎಲ್ಲರಿಗೂ ಗೊತ್ತು. ಒಂದರಲ್ಲಿ ಹತ್ತು ಗೆರೆ, ಇನ್ನೊಂದರಲ್ಲಿ ಹದಿನೈದು ಗೆರೆ. ಒಂದರಲ್ಲಿ ರೂಪಾಯಿಯ ಚಿಹ್ನೆ ಇದೆ, ಇನ್ನೊಂದರಲ್ಲಿ ಇಲ್ಲ. ಕಂಡಕ್ಟರು, ತರಕಾರಿಯವರು ತೆಗೆದುಕೊಳ್ಳಲು ಒಲ್ಲೆವೆಂದರು. ಕೊನೆಗೆ 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು, ಅದುವರೆಗೆ 14 ವಿನ್ಯಾಸಗಳಲ್ಲಿ ಹೊರತಂದ ಹತ್ತು ರೂಪಾಯಿ ನಾಣ್ಯಗಳೆಲ್ಲವೂ ಚಲಾವಣೆಗೆ ಅರ್ಹವೆಂದು ಪ್ರಕಟಣೆ ಕೊಡಬೇಕಾಯಿತು. ಒಂದು ಕಡೆ ಸರಿಯಾದ ನಾಣ್ಯವನ್ನು ಖೋಟಾ ಎಂದು ನಿರಾಕರಿಸುವುದು, ಇನ್ನೊಂದು ಕಡೆ ಸಾಮಾನ್ಯ ನಾಣ್ಯವನ್ನು ಅಪೂರ್ವವೆಂದು ಪೂಜಿಸುವುದು, ಎರಡೂ ಒಂದೇ ಅಜ್ಞಾನದ ಕವಲುಗಳು.

ಎರಡನೆಯದರಿಂದ ನಷ್ಟ ಹೆಚ್ಚು. ದೇವಿಯ ಚಿತ್ರವಿರುವ ಐದು ರೂಪಾಯಿಗೆ ಹತ್ತು ಲಕ್ಷ, ಇಂಥ ಇಸವಿಯ ಒಂದು ರೂಪಾಯಿಗೆ ಕೋಟಿ ಎಂದೆಲ್ಲ ಸುದ್ದಿ ಹಬ್ಬಿಸುವವರು, ಮಾರಲು ಮುಂದೆ ಬಂದವರಿಂದ ಮೊದಲು ನೋಂದಣಿ ಶುಲ್ಕ, ಆಮೇಲೆ ಕಮಿಷನ್, ಆಮೇಲೆ ತೆರಿಗೆ ಎಂದು ಹಣ ಕೀಳುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರನ್ನೇ ಬಳಸಿ ಇಂಥ ವಂಚನೆ ನಡೆಯುತ್ತಿದೆಯೆಂದೂ, ತಾನು ಇಂಥ ವ್ಯವಹಾರದಲ್ಲಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲವೆಂದೂ ಬ್ಯಾಂಕು 2021ರ ಆಗಸ್ಟಿನಲ್ಲಿ ಎಚ್ಚರಿಸಿತು. ನಿಜವಾದ ನಾಣ್ಯ ವ್ಯಾಪಾರಿ ನಾಣ್ಯ ನೋಡಿ ಹಣ ಕೊಡುತ್ತಾನೆ; ಮಾರುವವನಿಂದ ಹಣ ಕೇಳುವುದಿಲ್ಲ. ನಮ್ಮ ಈಚಿನ ನಾಣ್ಯಗಳಲ್ಲಿ ಕಾಣುವ ಜಾರಿದ ಅಚ್ಚು, ಕತ್ತರಿಸಿದ ಅಂಚುಗಳಿಗೆ ಸಾಮಾನ್ಯವಾಗಿ ಸಿಗುವುದು ಕೆಲವು ನೂರು ರೂಪಾಯಿ. ಕಣ್ಣು ಸೆಳೆಯುವಂಥದ್ದಾದರೆ ಕೆಲವು ಸಾವಿರ.

ಟಂಕಸಾಲೆಯಿಂದ ಹೊರಬಿದ್ದ ಮೇಲೆ ಆದದ್ದಕ್ಕೆ ಮೂರು ಕಾಸೂ ಇಲ್ಲ. ರೈಲಿನ ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ ನಾಣ್ಯ, ಆಮ್ಲದಲ್ಲಿ ಅದ್ದಿ ತೆಳುವಾದ ನಾಣ್ಯ ಕೇವಲ ಹಾಳಾದ ನಾಣ್ಯ. ಹೀಗೆ ಹಾಳು ಮಾಡುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಎರಡು ನಾಣ್ಯಗಳನ್ನು ಬಿಗಿಪಟ್ಟಿನಲ್ಲಿ ಅದುಮಿ 'ಲಖಿ' ತಯಾರಿಸುವವರಿದ್ದಾರೆ. ಆಗ ತಗ್ಗಾದ ಚಿತ್ರದ ಅಡಿಯಲ್ಲಿ ಮೊದಲಿನ ಚಿತ್ರ ಜಜ್ಜಿಹೋಗಿ ಅರೆಬರೆ ಉಳಿದಿರುತ್ತದೆ. ಅಂಚು ಕತ್ತರಿಸಿದ ನಾಣ್ಯವಾದರೆ ಎದುರು ಬದಿಯನ್ನು ನೋಡಬೇಕು. ಬಿಲ್ಲೆ ಮೊದಲೇ ಕತ್ತರಿಸಿಹೋಗಿದ್ದರೆ ಅಂಚು ಎಬ್ಬಿಸುವಾಗ ಅದಕ್ಕೆ ನೇರ ಎದುರಿಗಿನ ಜಾಗಕ್ಕೂ ಒತ್ತಡ ಸಿಗದೆ ಅಲ್ಲಿಯ ದಂಡೆ ಮಾಸಿದಂತಿರುತ್ತದೆ. ಮನೆಯಲ್ಲಿ ಕೂತು ಅರದಿಂದ ಕತ್ತರಿಸಿದವನಿಗೆ ಎದುರಿನ ದಂಡೆಯ ನೆನಪು ಇರುವುದಿಲ್ಲ.

'ಶೋಲೆ'ಯ ಜಯ್ ಕೈಯಲ್ಲಿದ್ದಂಥ, ಎರಡೂ ಬದಿ ಒಂದೇ ಇರುವ ನಾಣ್ಯ ತಮ್ಮಲ್ಲಿದೆಯೆಂದು ಹೇಳುವವರೂ ಸಿಗುತ್ತಾರೆ. ಇವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಜಾದೂಗಾರರ ಸಾಮಾನು. ಒಂದು ನಾಣ್ಯದ ಹೊಟ್ಟೆಯನ್ನು ಕೊರೆದು, ಇನ್ನೊಂದನ್ನು ಸಣ್ಣಗೆ ತರಿದು ಅದರೊಳಗೆ ಕೂರಿಸಿರುತ್ತಾರೆ. ದಂಡೆಯ ಒಳಸುತ್ತಿನಲ್ಲಿ ಕೂದಲಿನಂಥ ಬೆಸುಗೆಯ ಗೆರೆ ಇರುತ್ತದೆ. ಮೇಜಿನ ಮೇಲೆ ಬೀಳಿಸಿದರೆ ಸದ್ದೂ ಮೊಂಡು. ಹಲವು ಟಂಕಸಾಲೆಗಳಲ್ಲಿ ಮುಂಬದಿ ಹಿಂಬದಿಯ ಅಚ್ಚುಗಳ ಬುಡವನ್ನು ಬೇರೆ ಬೇರೆ ಆಕಾರದಲ್ಲಿ ಮಾಡಿರುತ್ತಾರೆ, ಒಂದರ ಜಾಗದಲ್ಲಿ ಇನ್ನೊಂದು ಕೂರಬಾರದೆಂದು.

ಟಂಕಸಾಲೆಗಳೂ ಈಗ ಹುಷಾರಾಗಿವೆ. ಆಕಾರ ಕೆಟ್ಟ ನಾಣ್ಯಗಳನ್ನು ಜರಡಿ ಹಿಡಿಯುವ ಯಂತ್ರಗಳು ಬಂದಿವೆ. ಅಚ್ಚನ್ನು ಒಂದೇ ಒತ್ತಿಗೆ ತಯಾರಿಸುವ ವಿಧಾನವೂ ಬಂದು ಜೋಡಿಯಚ್ಚಿನ ಸಂಭವ ಕಡಿಮೆಯಾಗಿದೆ, ಇಲ್ಲವಾಗಿಲ್ಲ. ಅಮೆರಿಕದ ಟಂಕಸಾಲೆ ಎರಡು ಸಾವಿರದ ದಶಕದ ಆರಂಭದಿಂದ, ತಪಾಸಣೆಯಲ್ಲಿ ಸಿಕ್ಕಿಬಿದ್ದ ದೋಷದ ನಾಣ್ಯಗಳನ್ನು ಹಲ್ಲುಗಳಿರುವ ಎರಡು ಉರುಳೆಗಳ ನಡುವೆ ಹಾಯಿಸುತ್ತಿದೆ. ಮೈಯೆಲ್ಲ ಅಲೆಅಲೆಯಾಗಿ ಜಜ್ಜಿಹೋದ ಆ ಲೋಹವನ್ನು ನಾಣ್ಯವೆಂದು ಚಲಾಯಿಸಲು ಬರುವುದಿಲ್ಲ, ದೋಷವನ್ನು ಗುರುತಿಸಲೂ ಬರುವುದಿಲ್ಲ. ಗುಜರಿಯಾಗಿ ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಆ ಗುಜರಿಯಿಂದ ಕೆಲವನ್ನು ಹೆಕ್ಕಿ ತೆಗೆದು, ಪ್ಲಾಸ್ಟಿಕ್ ಕರಡಿಗೆಯಲ್ಲಿಟ್ಟು ಮೊಹರು ಮಾಡಿ, ಈಗ ಸಂಗ್ರಾಹಕರಿಗೆ ಬೇರೆಯದೇ ಬೆಲೆಯಲ್ಲಿ ಮಾರಲಾಗುತ್ತಿದೆ.